ಡ್ರಾಯರಿನ ಟೋಕನ್

ಗಾರ್ಮೆಂಟ್ಸ್ ಕಾರ್ಖಾನೆಯ ಆ ಹೊಲಿಗೆ ಸಾಲಿನ ನಲವತ್ತು ಹೆಂಗಸರಿಗೆ ಒಂದೇ ಟೋಕನ್. ಅಂಗೈಯಗಲದ ಮರದ ತುಂಡು, ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಅದು ಕೈಯಲ್ಲಿದ್ದರೆ ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಕಾರ್ಖಾನೆಯವರು ಕೊಟ್ಟದ್ದು ಎರಡು. ಇನ್ನೊಂದನ್ನು ಈ ಮಹಾನುಭಾವ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದು ಎಲ್ಲರಿಗೂ ಗೊತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೋದವಳು ಬರುವವರೆಗೆ ಗಡಿಯಾರ ನೋಡುವುದೇ ಅವನ ಘನಕಾರ್ಯ, ಅದಕ್ಕೇ ಅವನು ಗಡಿಯಾರಪ್ಪ.

ಅವನೆದುರು ಕೈಚಾಚುವುದಕ್ಕಿಂತ ನೀರು ಕುಡಿಯದಿರುವುದೇ ವಾಸಿ ಎಂದುಕೊಂಡಿದ್ದಳು ಕಾಲರ್ ಹೊಲಿಯುವವಳು. ಆರು ವರ್ಷ ಹಾಗೇ ಕಳೆಯಿತು. ಆಮೇಲೆ ಸಂಜೆ ಸಂಜೆ ಜ್ವರ, ಎಡಸೊಂಟದ ಮೇಲೆ ನೋವು. ಗಡಿಯಾರಪ್ಪ ಪ್ರಥಮ ಚಿಕಿತ್ಸೆ ಡಬ್ಬಿಯಿಂದ ಬೆನ್ನಿಗೆ ಮುಲಾಮು ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಜೆ ಕೇಳಿದರೆ, ಈ ಸಾಲಿನಲ್ಲಿ ನಾಟಕದವರೇ ಜಾಸ್ತಿ ಅಂದ.

ಸ್ಕ್ಯಾನ್ ನೋಡಿ ಆಸ್ಪತ್ರೆಯವರು ಗಡ್ಡೆಯಿದೆ, ಕ್ಯಾನ್ಸರ್ ಇರಬಹುದು ಎಂದರು. ಎಡಗಡೆಯ ಕಿಡ್ನಿ ತೆಗೆದ ಮೇಲೆ ವರದಿ ಬಂತು: ಕ್ಯಾನ್ಸರ್ ಅಲ್ಲ. ಕಲ್ಲು ಕಟ್ಟಿಕೊಂಡು, ಬ್ಯಾಕ್ಟೀರಿಯಾ ವರ್ಷಗಟ್ಟಲೆ ಮೇದು, ಕಿಡ್ನಿಯೆಲ್ಲ ಹಳದಿ ಮುದ್ದೆಯಾಗಿತ್ತು. ತುಂಬ ಅಪರೂಪದ ಸೋಂಕು ಎಂದರು ಡಾಕ್ಟರಮ್ಮ. ಕಾರಣ ಇದೊಂದೇ ಅಂತ ಹೇಳಲಾಗದು, ಆದರೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತದ್ದರಿಂದ ಒಳ್ಳೆಯದಂತೂ ಆಗಿಲ್ಲ, ಉಳಿದಿರುವುದನ್ನಾದರೂ ಕಾಪಾಡಿಕೊಳ್ಳಿ ಎಂದರು.

ಮೂರು ತಿಂಗಳಾದ ಮೇಲೆ ಕೆಲಸಕ್ಕೆ ಬಂದವಳು ಮಷೀನಿನ ಪಕ್ಕ ದೊಡ್ಡ ನೀರಿನ ಬಾಟಲಿ ಇಟ್ಟಳು. ಹತ್ತು ಗಂಟೆಯೊಳಗೆ ಎರಡು ಸಲ ಎದ್ದು ಹೋಗಿ ಬಂದಳು. ಮೂರನೇ ಸಲ ಗಡಿಯಾರಪ್ಪ ಮೊಳೆಗೆ ಕೈ ಅಡ್ಡ ಹಿಡಿದ.

"ಏನಮ್ಮಾ, ಒಂದು ಕಿಡ್ನಿ ಹೋದ್ರೂ ಇನ್ನೊಂದು ಇದೆಯಲ್ಲ. ಅದಕ್ಕೇನಾಗಿದೆ?"

ಇಂಥವನಿಗೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನೊಣ ಓಡಿಸುವ ಹಾಗೆ ಅವನ ಕೈ ಸರಿಸಿ ಟೋಕನ್ ತೆಗೆದುಕೊಂಡಳು.

"ಒಂದು ಕಿಡ್ನಿ ಈ ತುಂಡಿಗೆ ಕೊಟ್ಟಾಯ್ತು ಸಾರ್. ಇನ್ನೊಂದು ಕೊಡಲ್ಲ. ಇದಿನ್ನು ನನ್ನ ಹತ್ರಾನೇ ಇರುತ್ತೆ."

ಹೋಗಿ ಬಂದು ಟೋಕನ್ನನ್ನು ತನ್ನ ಮಷೀನಿಗೇ ಕಟ್ಟಿಕೊಂಡು ಕಾಲರ್ ಹೊಲಿಯತೊಡಗಿದಳು. ಗಡಿಯಾರಪ್ಪ ಖಾಲಿ ಮೊಳೆ ನೋಡಿದ. ಅಷ್ಟರಲ್ಲಿ ಗುಂಡಿ ಹಾಕುವ ಅಕ್ಕ ಎದ್ದು ಬಂದು ಅವನ ಮೇಜಿನೆದುರು ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮಷೀನುಗಳು ಒಂದೊಂದಾಗಿ ನಿಂತವು. ಅವನು ಜೇಬೆಲ್ಲ ತಡಕಿ ಕೀಲಿ ಹುಡುಕಿ ಡ್ರಾಯರ್ ತೆಗೆದ. ಆರು ವರ್ಷದ ದೂಳು ಮೆತ್ತಿದ್ದ ಟೋಕನ್ನನ್ನು ತನ್ನ ಕರ್ಚೀಫಿನಲ್ಲೇ ಒರೆಸಿ ಮೊಳೆಗೆ ಹಾಕಿದ.