ಗ್ಯಾವಿನ್ ಹಾಕಿದ ಸುತ್ತುಗಳು

ಗ್ಯಾವಿನ್‌ನನ್ನು ಕಂಡರೆ ಮುರಕೋಶಿ ಟೀಚರಿಗೆ ಮೊದಲ ದಿನದಿಂದಲೇ ಮೈಯುರಿ. ಜಪಾನಿನ ಅಕಿತಾ ಕಡೆಯ ಆ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಕಲಿಸಿ ಅವಳ ಕೂದಲು ನರೆತಿತ್ತು. ಅವಳಿಗೆ ಸಹಾಯಕ ಮೇಷ್ಟ್ರಾಗಿ ಬಂದ ಈ ಆಸ್ಟ್ರೇಲಿಯಾದ ಹುಡುಗನಿಗಿದ್ದ ಯೋಗ್ಯತೆ, ಇಂಗ್ಲಿಷ್ ಅವನ ಮನೆಮಾತು ಎಂಬುದೊಂದೇ. ಹೊರಗಿನ ಬೂಟಿನಲ್ಲೇ ತರಗತಿಗೆ ನುಗ್ಗುತ್ತಿದ್ದ. ಆದರೂ ಮಕ್ಕಳು ಅವನನ್ನೇ ಮುತ್ತಿಕೊಳ್ಳುತ್ತಿದ್ದವು. ‘ಕೋತಿ ಬಂದರೂ ಮುತ್ತಿಕೊಳ್ತಾವೆ’ ಎಂದುಕೊಳ್ಳುತ್ತಿದ್ದಳು ಮುರಕೋಶಿ.

ಒಮ್ಮೆ ಅವಳು ಜ್ವರವೆಂದು ರಜೆ ಹಾಕಿದಾಗ, ಮಕ್ಕಳ ಉತ್ತರಪತ್ರಿಕೆಗಳನ್ನು ಅವನೇ ತಿದ್ದಿ ಹಂಚಿಬಿಟ್ಟ. ಅಂಕ ಹಾಕುವ ಗೋಜಿಗೂ ಹೋಗಲಿಲ್ಲ. ತನ್ನ ದೇಶದ ರೂಢಿಯಂತೆ ಸರಿಯಿದ್ದಲ್ಲಿ ರೈಟ್ ಮಾರ್ಕು, ತಪ್ಪಿದ್ದಲ್ಲಿ ಕೆಂಪು ಸುತ್ತು. ಜಪಾನಿನಲ್ಲಿ ಸುತ್ತೆಂದರೆ ಸರಿ, ರೈಟ್ ಮಾರ್ಕೆಂದರೆ ತಪ್ಪು. ಇದು ಒಂದನೇ ತರಗತಿಯ ಕೂಸಿಗೂ ಗೊತ್ತು. ತರಗತಿಗೇ ಜಾಣೆಯಾದ ಫುಯುಮಿ ಬಿಕ್ಕಿ ಬಿಕ್ಕಿ ಅತ್ತಳು. ದಿನವೂ ತೂಕಡಿಸುವ ಇಸಾಮು ಹಾಳೆ ಹಿಡಿದುಕೊಂಡು ಮನೆಗೆ ಓಡಿದ.

ಮರುದಿನ ಮುರಕೋಶಿ ಫುಯುಮಿಯ ತಾಯಿಗೆ ಫೋನಿನಲ್ಲೇ ನಡುಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದಳು.

“ಅಂದ್ರೆ ನಿಮ್ಮಲ್ಲಿ ಸರೀನೇ ತಪ್ಪಾ?” ಎಂದು ಗ್ಯಾವಿನ್ ಹಲ್ಲು ಕಿಸಿದ.

“ನಿನಗೆ ತಲೆ ಕೊಟ್ಟಿದ್ದೇ ದೇವರ ತಪ್ಪು,” ಎಂದಳು ಜಪಾನಿಯಲ್ಲಿ. ಅವನು ಅದಕ್ಕೆ ಥ್ಯಾಂಕ್ಯೂ ಎಂದ.

ಅಷ್ಟರಲ್ಲಿ ಇಸಾಮುವಿನ ಅಜ್ಜಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ಹಿಡಿದು ಮೇಷ್ಟ್ರುಗಳ ಕೋಣೆಗೆ ಬಂದಳು. ಶುಭಕ್ಕೆಂದು ಕಾಳು ಹಾಕಿ ಬೇಯಿಸುವ ಕೆಂಪನ್ನ, ಇನ್ನೂ ಬಿಸಿ ಆರಿರಲಿಲ್ಲ.

“ನಮ್ಮ ಹುಡುಗನ ಹಾಳೆ ತುಂಬ ಸುತ್ತು, ಟೀಚರ್! ಅವನ ತಾತನ ಫೋಟೋ ಮುಂದಿಟ್ಟು ಕೈಮುಗಿದೆ. ಇವರೇನಾ ಹೊಸ ಮೇಷ್ಟ್ರು? ಇಷ್ಟು ದಿನ ನಿಮಗೆ ಕಾಣದ್ದು ಇವರ ಕಣ್ಣಿಗೆ ಬಿತ್ತು ನೋಡಿ!”

ಆ ಕೊನೆಯ ಮಾತು ಮುರಕೋಶಿಗೆ ನಾಟಿತು.

“ಅಜ್ಜಿ, ಆ ಸುತ್ತೆಲ್ಲ ತಪ್ಪಿನ ಗುರುತು. ಈ ದಡ್ಡನಿಗೆ ನಮ್ಮ ರೂಢಿ ಗೊತ್ತಿಲ್ಲ. ನಿಮ್ಮ ಮೊಮ್ಮಗ ಬರೆದಿದ್ದರಲ್ಲಿ ಹುರುಳೇ ಇಲ್ಲ.”

ಕೋಣೆಯಲ್ಲಿದ್ದ ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿದರು. ಏನೂ ತಿಳಿಯದ ಗ್ಯಾವಿನ್ ಮಾತ್ರ ಡಬ್ಬಿಗೆ ಕೈಹಾಕಿ, ಒಂದು ತುತ್ತು ಬಾಯಿಗಿಟ್ಟು, ತನಗೆ ಬರುತ್ತಿದ್ದ ಅರೆಬರೆ ಜಪಾನಿಯಲ್ಲಿ “ರುಚಿ! ರುಚಿ!” ಎಂದ.

ಅಜ್ಜಿ ಬರಿಗೈಯಲ್ಲೇ ಕಣ್ಣೊರೆಸಿಕೊಂಡಳು.

“ತಿನ್ನಪ್ಪ, ಹೊಟ್ಟೆ ತುಂಬ ತಿನ್ನು. ಮಾಡಿದ್ದಾಯ್ತಲ್ಲ.” ಆಮೇಲೆ ಮುರಕೋಶಿಯನ್ನು ಮೇಲಿಂದ ಕೆಳಗೆ ನೋಡಿ, “ನೀವು ಬಿಡಿ ಟೀಚರ್, ನಿಮಗಿದು ಸೇರೋದಿಲ್ಲ,” ಎಂದಳು. ಉಳಿದವರಿಗೆಲ್ಲ ಒಂದೊಂದು ತುತ್ತು ಹಂಚಿ, ಖಾಲಿ ಡಬ್ಬಿ ಕಟ್ಟಿಕೊಂಡು ಹೊರಟುಹೋದಳು.

‘ಮೊಮ್ಮಗನಿಗೆ ತಕ್ಕ ಅಜ್ಜಿ’ ಎಂದುಕೊಂಡ ಮುರಕೋಶಿ, ಗ್ಯಾವಿನ್‌ನ ಗಡ್ಡಕ್ಕೆ ಅಂಟಿದ್ದ ಅಗುಳನ್ನು ನೋಡಿ ಮುಖ ಸಿಂಡರಿಸಿದಳು.