ಒಳಗಿನಿಂದ ತಿಳಿಯಾದ ಹಲ್ಲು

ವೆಲ್ಡರ್ ನಗುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಸಿಡುಕ ಎಂದು ಕೆಲವರು, ಜಂಬ ಎಂದು ಕೆಲವರು. ಮುಂದಿನ ಹಲ್ಲೊಂದು ಕಪ್ಪಗಿರುವುದೇ ಅದಕ್ಕೆ ಕಾರಣವೆಂದು ಅವನ ತಂಗಿಗೆ ಮಾತ್ರ ಗೊತ್ತು. ಇದ್ದಿಲು, ಉಪ್ಪು, ನಿಂಬೆರಸ ಎಲ್ಲ ಹಾಕಿ ಉಜ್ಜಿ ಸೋತಿದ್ದ. ಕೊನೆಗೆ ತಣ್ಣೀರು ಕುಡಿದರೂ ಅಕ್ಕಪಕ್ಕದ ಹಲ್ಲುಗಳು ಜುಮ್ಮೆನ್ನತೊಡಗಿದಾಗ ತಂಗಿ ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದಳು.

ಡಾಕ್ಟರಮ್ಮ ಮೊದಲು ಹಲ್ಲುಗಳನ್ನೆಲ್ಲ ಶುಚಿ ಮಾಡಿದರು. ಚಹಾ, ಬೀಡಿಯ ಕಂದು ಕಲೆಗಳು ಅಲ್ಲೇ ಬಿಟ್ಟವು. ಆ ಒಂದು ಹಲ್ಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಇದಕ್ಕೆ ಯಾವತ್ತಾದ್ರೂ ಏಟು ಬಿದ್ದಿತ್ತಾ?"

"ಚಿಕ್ಕೋನಿದ್ದಾಗ ಮೆಟ್ಟಿಲ ಮೇಲೆ ಬಿದ್ದಿದ್ದೆ. ಆಮೇಲೆ ಸರಿಹೋಯ್ತಲ್ಲ ಮೇಡಂ."

"ನೋವು ಹೋಯ್ತು, ಒಳಗಿನ ನರಾನೂ ಸತ್ತುಹೋಯ್ತು. ಆಗ ಇಂಗಿದ ರಕ್ತದ ಬಣ್ಣ ಇದು. ಹೊರಗೆ ಎಷ್ಟು ಉಜ್ಜಿದ್ರೂ ಹಲ್ಲು ಸವೆಯುತ್ತೆ ಅಷ್ಟೆ."

ಅವರು ದೀಪ ಆರಿಸಿ, ಅವನ ಕೈಗೆ ಕನ್ನಡಿ ಕೊಟ್ಟು, ಹಲ್ಲುಗಳ ಹಿಂದೆ ಪುಟ್ಟದೊಂದು ಬೆಳಕು ಹಿಡಿದರು. ಅಕ್ಕಪಕ್ಕದ ಹಲ್ಲುಗಳು ನಸುಗೆಂಪಾಗಿ ಬೆಳಗಿದವು. ನಡುವಿನದು ಮಾತ್ರ ಮುಚ್ಚಿದ ಕಿಟಕಿಯಂತೆ ಕತ್ತಲಾಗಿತ್ತು. ದಿನವಿಡೀ ಕಣ್ಣು ಕುಕ್ಕುವ ಬೆಂಕಿಯೆದುರು ಕೂರುವವನು ಈ ಮಿಣುಕು ಬೆಳಕಿಗೆ ಉಸಿರು ಬಿಗಿಹಿಡಿದ.

"ಹಲ್ಲೊಳಗೆ ಬೆಳಕು ಹಾಯುತ್ತಾ!" ಎಂದು ತಂಗಿ ಪಿಸುಗುಟ್ಟಿದಳು.

ಎಕ್ಸ್‌ರೇ ಆಯಿತು. ಹಲ್ಲಿನ ಹಿಂಬದಿಯಲ್ಲಿ ಸಣ್ಣ ತೂತು ಕೊರೆದು, ಸತ್ತ ನರ ತೆಗೆದು, ಬೇರನ್ನು ಭದ್ರವಾಗಿ ಮುಚ್ಚಿದರು. ಮುಂದಿನ ಸಲ ಅದೇ ತೂತಿನೊಳಗೆ ಬಿಳುಪಿನ ಔಷಧಿಯಿಟ್ಟು, ತೂತಿನ ಬಾಯಿ ಮುಚ್ಚಿ ಮನೆಗೆ ಕಳಿಸಿದರು.

"ವರ್ಷಗಳಾದ್ಮೇಲೆ ಮತ್ತೆ ಸ್ವಲ್ಪ ಕಪ್ಪಾಗಬಹುದು. ಆಗ ಬನ್ನಿ, ನೋಡೋಣ."

ದಿನಾ ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಯಾರೂ ಉಜ್ಜಲಿಲ್ಲ, ಕೆರೆಯಲಿಲ್ಲ. ಆದರೂ ಕಪ್ಪು ಬೂದುಬಣ್ಣವಾಗಿ, ಬೂದು ಮಾಸಲು ಬಿಳಿಯಾಗಿ, ಡಾಕ್ಟರಮ್ಮ ಇನ್ನೊಮ್ಮೆ ಔಷಧಿ ಬದಲಿಸಿದ ಮೇಲೆ ಪಕ್ಕದ ಹಲ್ಲಿಗೆ ಹೊಂದಿಕೊಂಡಿತು. ತನ್ನ ಬಾಯಲ್ಲೇ ಸದ್ದಿಲ್ಲದೆ ಬೆಳಗಾಗುತ್ತಿದೆ ಎನಿಸಿತು ಅವನಿಗೆ.

ಒಂದು ಸಂಜೆ ತಂಗಿ ಅಡುಗೆಮನೆಯಲ್ಲಿ ಸಕ್ಕರೆಯೆಂದುಕೊಂಡು ಚಹಾಕ್ಕೆ ಉಪ್ಪು ಸುರಿದಳು. ಒಂದು ಗುಟುಕು ಕುಡಿದವನೇ ಅವನು ತಡೆಯಲಾರದೆ ಬಾಯ್ತುಂಬ ನಕ್ಕುಬಿಟ್ಟ. ತಂಗಿ ಚಮಚ ಕೆಳಗಿಟ್ಟು ಅವನನ್ನೇ ನೋಡುತ್ತ ನಿಂತಳು.

"ಏನಾಯ್ತೇ?"

"ಅಣ್ಣ, ನಿನ್ನ ನಗು ಥೇಟ್ ಅಮ್ಮಂದು ಕಣೋ. ಇಷ್ಟು ವರ್ಷ ಅದು ನಮ್ಮನೇಲೇ ಇತ್ತಾ!"

ತೀರಿಹೋದ ತಾಯಿಯ ನಗು ಹೇಗಿತ್ತೆಂದು ನೋಡಲು ಅವನು ಕನ್ನಡಿಯ ಕಡೆ ಹೋದ.