ಗೋಡೆಯ ಬುಡದ ಪುಡಿ

ಏಣಿಯಿಂದ ಬಿದ್ದವನನ್ನು ಅಲ್ಲೇ, ಆಗಲೇ ಮತ್ತೆ ಏಣಿ ಹತ್ತಿಸಬೇಕು. ಇಲ್ಲದಿದ್ದರೆ ಎದೆಯಲ್ಲಿ ಭಯ ಕೂತುಬಿಡುತ್ತದೆ, ಆಮೇಲೆ ಅವನು ಕೆಲಸಕ್ಕೇ ಬಾರದವನಾಗುತ್ತಾನೆ. ಬಣ್ಣದ ಮೇಸ್ತ್ರಿಯ ಗುಂಪಿನಲ್ಲಿ ಇದು ಮೊದಲಿನಿಂದ ನಡೆದುಬಂದ ಪದ್ಧತಿ. ಅವನ ಗುರು ಅವನನ್ನು ಹಾಗೆ ಹತ್ತಿಸಿದ್ದ, ಅವನು ತನ್ನ ಕೈಕೆಳಗಿನವರನ್ನು ಹಾಗೆ ಹತ್ತಿಸಿದ್ದ. ಹಾಗಾಗಿ ಶಾಲೆಯೊಂದರ ಗೋಡೆಗೆ ಬಣ್ಣ ಹಚ್ಚುವಾಗ ಒಡಹುಟ್ಟಿದ ತಮ್ಮನೇ ಜಾರಿ ಬಿದ್ದು, ಹಿಂದಲೆ ಮೆಟ್ಟಿಲ ಅಂಚಿಗೆ ಬಡಿದಾಗಲೂ ಅವನು ಬೇರೆ ಯೋಚಿಸಲಿಲ್ಲ.

ತಮ್ಮ ಅರೆಗಳಿಗೆ ಕಣ್ಣು ಮುಚ್ಚಿದ್ದು, ಆಮೇಲೆ ಎದ್ದು ಕೂತ. ಮೇಸ್ತ್ರಿ ಕೂದಲು ಸರಿಸಿ ನೋಡಿದ. ರಕ್ತವಿಲ್ಲ, ಊತವೂ ಇಲ್ಲ.

"ಗಟ್ಟಿ ತಲೆ ಕಣೋ ನಿಂದು. ಪೆಟ್ಟಾಗಿದ್ರೆ ಮೆಟ್ಟಿಲಿಗೇ ಆಗಿರತ್ತೆ" ಎಂದು ಬ್ರಷ್ ಕೈಗೆ ಕೊಟ್ಟ. ಎಲ್ಲರೂ ನಕ್ಕರು. ತಮ್ಮನೂ ನಗುತ್ತಲೇ ಏಣಿ ಹತ್ತಿದ.

ಸಂಜೆ ಮೇಸ್ತ್ರಿಯ ನಾದಿನಿ ಮನೆಗೆ ಬಂದಿದ್ದಳು. ಹೆಂಡತಿಯ ತಂಗಿ, ಆಸ್ಪತ್ರೆಯಲ್ಲಿ ನರ್ಸ್. ತಮ್ಮ ಊಟಕ್ಕೆ ಕೂತವನು ವಾಂತಿ ಮಾಡಿಕೊಂಡ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದ. ಅವಳು ವಿಷಯ ತಿಳಿದವಳೇ ಈಗಲೇ ಆಸ್ಪತ್ರೆಗೆ ಹೊರಡಿ, ಡಾಕ್ಟರ್ ನೋಡಲಿ, ರಕ್ತ ಪರೀಕ್ಷೆಯೂ ಆಗಲಿ ಎಂದಳು.

ಮೇಸ್ತ್ರಿಗೆ ನಗು ಬಂತು. "ಬಿದ್ದಾಗ ಒಂದು ಹನಿ ಚೆಲ್ಲದೆ ಇರೋನ ರಕ್ತ ನೀನು ತೆಗೀತೀಯಾ?"

"ಭಾವ, ಹಳೇ ಗೋಡೆ ಒಳಗೊಳಗೇ ಬಿಟ್ಕೊಂಡಿದ್ರೆ ನಿಮಗೆ ಹೇಗೆ ಗೊತ್ತಾಗತ್ತೆ?"

"ಬುಡದಲ್ಲಿ ಪುಡಿ ಬಿದ್ದಿರತ್ತೆ."

"ಮಿದುಳೂ ಹಾಗೇ. ಪೆಟ್ಟು ಬಿದ್ದಾಗ ಅದರ ಜೀವಕೋಶಗಳ ಒಳಗಿರೋ ಪ್ರೋಟೀನ್ ಒಡೆಯತ್ತೆ. ಆ ಚೂರುಗಳು ರಕ್ತಕ್ಕೆ ಬಂದು ಸೇರತ್ತೆ. ಬೇಗ ಹೋದ್ರೆ ಪರೀಕ್ಷೇಲಿ ಸಿಗತ್ತೆ, ತಡವಾದ್ರೆ ಪುಡಿ ಗುಡಿಸಿ ಹಾಕಿದ ಹಾಗೆ. ಈ ಪರೀಕ್ಷೆ ಎಲ್ಲ ಕಡೆ ಇಲ್ಲ, ನಮ್ಮಲ್ಲಿದೆ. ಇವರಿಗೆ ವಾಂತಿ ಬೇರೆ ಆಗಿದೆ, ಸ್ಕ್ಯಾನೂ ಬೇಕಾಗಬಹುದು. ಏಳಿ."

ಮೇಸ್ತ್ರಿ ಏಳಲಿಲ್ಲ. ಬಿಸಿಲಿಗೆ ಹಾಗಾಗಿದೆ, ಮಲಗೆದ್ದರೆ ಸರಿಹೋಗುತ್ತದೆ ಎಂದ. ತಮ್ಮನ ಹೆಂಡತಿ ಒಮ್ಮೆ ನರ್ಸಿನ ಮುಖ, ಒಮ್ಮೆ ಭಾವನ ಮುಖ ನೋಡಿದಳು. ಮನೆಯ ಹಿರಿಯನ ಮಾತಿಗೆ ಎದುರಾಡಲು ಅವಳಿಗೆ ಬಾಯಿ ಬರಲಿಲ್ಲ. ಮೇಸ್ತ್ರಿಯೇ ತಲೆನೋವಿನ ಮಾತ್ರೆ ನುಂಗಿಸಿ ತಮ್ಮನನ್ನು ಮಲಗಿಸಿದ.

ಈ ತಮ್ಮ ಸಾಮಾನ್ಯ ಕೆಲಸಗಾರನಲ್ಲ. ಮಾಸಿದ ಗೋಡೆಯನ್ನು ಒಮ್ಮೆ ನೋಡಿ ಅದೇ ಬಣ್ಣ ಕಲಸಿ ಕೊಡುತ್ತಿದ್ದ. ಹೊಸದು ಯಾವುದು, ಹಳೆಯದು ಯಾವುದು ಎಂದು ಮನೆಯವರಿಗೇ ಗೊತ್ತಾಗುತ್ತಿರಲಿಲ್ಲ. ಅಂಥವನು ಬಿದ್ದ ಮೇಲೆ ಬಣ್ಣದ ಡಬ್ಬದ ಮುಂದೆ ಕೂತು, ಕೋಲು ಹಿಡಿದು, ಮುಖ ಎತ್ತಿ ಕೇಳತೊಡಗಿದ:

"ಅಣ್ಣಾ, ಕೆಂಪು ಹಾಕಿದ್ನಾ, ಹಾಕ್ಬೇಕಾ?"

ಒಂದೇ ಗೋಡೆ ಎರಡು ಬಣ್ಣವಾಯಿತು. ಮೇಸ್ತ್ರಿ ಎಲ್ಲರೆದುರು, ಬೆಳಗ್ಗೆಯೇ ಏರಿಸಿಕೊಂಡು ಬಂದಿದ್ದೀಯಾ ಎಂದು ಹಂಗಿಸಿದ. ತಮ್ಮ ತಲೆ ತಗ್ಗಿಸಿ ಡಬ್ಬದೊಳಗೆ ನೋಡುತ್ತ ಕೂತ. ಮುಂದಿನ ವಾರ ಅವನ ಕೈಯಿಂದ ಬ್ರಷ್ ಜಾರಿತು, ಮಾತು ತೊದಲಿತು. ಆಗ ಆಸ್ಪತ್ರೆಗೆ ಓಡಿದರು. ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದರು. ಜೀವ ಉಳಿಯಿತು, ನೆನಪು ಮಾತ್ರ ಮೊದಲಿನಂತಾಗಲಿಲ್ಲ. ಈಗಲೂ ಮೇಸ್ತ್ರಿ ಹೋದಲ್ಲೆಲ್ಲ ಅವನನ್ನು ಜೊತೆಗೆ ಕರೆದೊಯ್ದು ಡಬ್ಬದ ಮುಂದೆ ಕೂರಿಸುತ್ತಾನೆ.

ಅವತ್ತೇ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಡಾಕ್ಟರ್ ಹೇಳಲಿಲ್ಲ. ಹೋಗುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಬೇಗ ಗೊತ್ತಾಗಿದ್ದರೆ ಏಣಿಯ ಹತ್ತಿರವೂ ಬಿಡುತ್ತಿರಲಿಲ್ಲ ಎಂದಷ್ಟೇ ಹೇಳಿದರು. ನಾದಿನಿ ಒಂದು ದಿನವೂ ನಾನು ಹೇಳಿರಲಿಲ್ಲವಾ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಮೇಸ್ತ್ರಿಗೆ.

ಮೊನ್ನೆ ಇನ್ನೊಂದು ಕಟ್ಟಡದಲ್ಲಿ, ಗುಂಪಿನವರು ಮೀಸೆ ಎಂದು ಕರೆಯುವವನು ಹಲಗೆಯಿಂದ ಬಿದ್ದ. ತಲೆಗೆ ಪೆಟ್ಟು ಬಿತ್ತು. ಬಟ್ಟೆ ಕೊಡವಿಕೊಂಡು ಎದ್ದವನೇ ಏಣಿಗೆ ಕೈಹಾಕಿದ.

ಮೇಸ್ತ್ರಿ ಬಂದು ಏಣಿಯನ್ನು ನೆಲಕ್ಕೆ ಮಲಗಿಸಿದ.

"ಏನೂ ಆಗಿಲ್ಲ ಮೇಸ್ತ್ರಿ. ಹತ್ತಿಬಿಡ್ತೀನಿ. ನಿಮ್ಮದೇ ಅಲ್ವಾ ಪದ್ಧತಿ?"

ಮೇಸ್ತ್ರಿ ದನಿ ತಗ್ಗಿಸಿದ. "ಆ ಪದ್ಧತಿ ಅಲ್ಲಿ ಡಬ್ಬದ ಮುಂದೆ ಕೂತಿದೆ, ನೋಡು. ನಡಿ ಆಸ್ಪತ್ರೆಗೆ."

ಡಾಕ್ಟರ್ ನೋಡಿದರು, ರಕ್ತವನ್ನೂ ಪರೀಕ್ಷಿಸಿದರು. ಒಡೆದ ಪ್ರೋಟೀನಿನ ಸುಳಿವು ಸಿಗಲಿಲ್ಲ. ಆದರೂ ಕೆಲಸ ಬೇಡ, ಒಬ್ಬನೇ ಇರಬೇಡ, ಏನಾದರೂ ಹೆಚ್ಚುಕಮ್ಮಿ ಕಂಡರೆ ವಾಪಸ್ ಬಾ ಎಂದು ಹೇಳಿ ಕಳಿಸಿದರು. ದಾರಿಯುದ್ದಕ್ಕೂ ಮೀಸೆ, ಸುಮ್ಮನೆ ಅರ್ಧ ದಿನ ಹಾಳು ಎಂದು ಗೊಣಗಿದ. ಆ ಗೊಣಗಾಟ ಕೇಳಲು ಮೇಸ್ತ್ರಿಗೆ ಹಿತವಾಗಿತ್ತು.

ಮೇಸ್ತ್ರಿ ಕಟ್ಟಡಕ್ಕೆ ಹಿಂತಿರುಗಿ ಬಂದಾಗ ತಮ್ಮ ಅಲ್ಲೇ ಕೂತಿದ್ದ, ಕೋಲು ಕೈಯಲ್ಲಿ.

"ಅಣ್ಣಾ, ಕೆಂಪು ಹಾಕಿದ್ನಾ, ಹಾಕ್ಬೇಕಾ?"

ಮೇಸ್ತ್ರಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ಹಾಕಿದ್ದೀಯಪ್ಪ. ಇನ್ನು ಕಲಸು" ಎಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಏಣಿ ಇದೆ, ಬೈಕ್ ಇದೆ, ಒದ್ದೆ ಬಚ್ಚಲು ಇದೆ. ತಲೆಗೆ ಪೆಟ್ಟು ಬಿದ್ದವರ ರಕ್ತ ಹೊರಗೆ ಕಾಣದಿದ್ದರೆ ನಿಶ್ಚಿಂತರಾಗಬೇಡಿ. ವಾಂತಿ, ಮಂಪರು, ಗೊಂದಲ, ಹೆಚ್ಚುತ್ತಿರುವ ತಲೆನೋವು, ತೊದಲು, ಫಿಟ್ಸ್ ಕಂಡರೆ ಬೆಳಗಾಗಲಿ ಎನ್ನಬೇಡಿ. ಕ್ಷಣಹೊತ್ತು ಎಚ್ಚರ ತಪ್ಪಿದ್ದರೂ ತೋರಿಸಿ. ನೀವೇ ಮಾತ್ರೆ ಕೊಟ್ಟು ಮಲಗಿಸಬೇಡಿ. ರಕ್ತ ಪರೀಕ್ಷೆ ಇರುವ ಆಸ್ಪತ್ರೆಯೇ ಬೇಕೆಂದು ಹುಡುಕುತ್ತ ಹೊತ್ತು ಕಳೆಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಯಾವುದು ಬೇಕೆಂದು ಡಾಕ್ಟರ್ ಹೇಳುತ್ತಾರೆ. ನೀವು ಮಾಡಬೇಕಾದದ್ದು ಮೊದಲು ಏಣಿಯನ್ನು ಮಲಗಿಸುವುದು.